ಸ್ಟೀರಾಯ್ಡ್ ಗುಳಿಗೆಗೆ ಮೊದಲು ಒಂದು ರಕ್ತಪರೀಕ್ಷೆ: ಆರೋಗ್ಯ ಸಚಿವರಿಗೆ ಕುಮಟಾದಿಂದ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ, ನಮ್ಮ ಜಿಲ್ಲಾ ಉಸ್ತುವಾರಿ ಸಚಿವರಿಗೆ ಮತ್ತು ಉತ್ತರ ಕನ್ನಡದ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ,

ನಮಸ್ಕಾರ.

ನಾನು ಕುಮಟಾದಲ್ಲಿ ಮೆಡಿಕಲ್ ಶಾಪ್ ನಡೆಸುವ ಫಾರ್ಮಸಿಸ್ಟ್. ಡಾಕ್ಟರ್ ಅಲ್ಲ. ಆದರೆ ದಮ್ಮಿನ ಕಾಯಿಲೆ ಇರುವವರು ಡಾಕ್ಟರಿಗಿಂತ ಜಾಸ್ತಿ ಸಲ ನಮ್ಮ ಮುಖ ನೋಡುತ್ತಾರೆ. ಯಾರು ಯಾವ ಪಂಪ್ (ಇನ್ಹೇಲರ್) ಒಯ್ದರು, ಎಷ್ಟು ಬೇಗ ಮತ್ತೆ ಬಂದರು, ಗುಳಿಗೆ ಯಾವಾಗ ಶುರುವಾಯಿತು, ಅದರ ಜೊತೆಗೆ ಸಕ್ಕರೆ ಕಾಯಿಲೆಯ ಔಷಧಿ ಯಾವಾಗ ಸೇರಿಕೊಂಡಿತು, ಇದೆಲ್ಲ ನಮ್ಮ ಕಣ್ಣೆದುರೇ ನಡೆಯುತ್ತದೆ. ಅದಕ್ಕೇ ಈ ಪತ್ರ.

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಜೋರು ಅಸ್ತಮಾ ಇರುವವರಿಗೆ ಸ್ಟೀರಾಯ್ಡ್ ಗುಳಿಗೆಯ ಮೇಲೆ ಗುಳಿಗೆ ಬೀಳುತ್ತಿದೆ. ಅವರ ಶ್ವಾಸನಾಳದಲ್ಲಿ ಇರುವುದು ಯಾವ ಬಗೆಯ ಉರಿಯೂತ ಅಂತ ನೋಡಿದ ಗುರುತು, ನನ್ನ ಕೌಂಟರಿಗೆ ಬರುವ ಚೀಟಿಗಳಲ್ಲಿ ತೀರಾ ಅಪರೂಪ. ಅದನ್ನು ನೋಡುವ ಮೊದಲ ಹೆಜ್ಜೆ ದುಬಾರಿಯದ್ದಲ್ಲ. ಎಲ್ಲ ತಾಲೂಕು ಆಸ್ಪತ್ರೆಯಲ್ಲೂ ಆಗುವ ಮಾಮೂಲಿ ರಕ್ತಪರೀಕ್ಷೆ ಅದು. ಆ ಪರೀಕ್ಷೆ ಗುಳಿಗೆ ಶುರುವಾಗುವ ಮೊದಲೇ ಆಗಬೇಕು, ಅದರ ಲೆಕ್ಕವನ್ನು ಯಾರಾದರೂ ಓದಬೇಕು. ನಾನು ಕೇಳುತ್ತಿರುವ ಮುಖ್ಯ ಸಂಗತಿ ಇಷ್ಟೇ.

ತದಡಿ ಕಡೆಯಿಂದ ಮೀನು ಮಾರಲು ಬರುವ ಒಬ್ಬ ಅಮ್ಮ ಇದ್ದಾರೆ. ಬುಟ್ಟಿ ಅಂಗಡಿಯ ಮೆಟ್ಟಿಲ ಮೇಲಿಟ್ಟು, ಸೊಂಟಕ್ಕೆ ಸಿಕ್ಕಿಸಿದ ಪ್ಲಾಸ್ಟಿಕ್ ಚೀಲದಿಂದ ಚೀಟಿ ತೆಗೆಯುತ್ತಾರೆ. ಮಡಿಕೆಯಲ್ಲಿ ಹರಿದು ನಾಲ್ಕು ತುಂಡಾದ ಚೀಟಿ ಅದು. ಯಾವಾಗಲೋ ಬರೆದ 5 ದಿನದ ಕೋರ್ಸ್. "ತಮಾ, ಆ ಸಣ್ಣ ಗುಳಿಗೆ ಕೊಡು, ಅದು ತಕಂಡ್ರೆ ದಮ್ಮು ಹೋಗ್ತದೆ" ಅನ್ನುತ್ತಾರೆ. ಹಳೇ ಚೀಟಿಗೆ ಕೊಡೋಕಾಗಲ್ಲ ಅಮ್ಮ, ಒಮ್ಮೆ ಡಾಕ್ಟರಿಗೆ ತೋರಿಸಿ ಬನ್ನಿ ಅಂದರೆ, ಮುಖ ಸಣ್ಣದು ಮಾಡಿಕೊಂಡು ಬೇರೆ ಅಂಗಡಿ ಕಡೆ ನಡೆಯುತ್ತಾರೆ. ಅವರ ಮುಂಗೈ ಮೇಲೆ ನೇರಳೆ ಬಣ್ಣದ ಕಲೆಗಳಿವೆ. ಬುಟ್ಟಿಯ ಅಂಚು ತಾಗಿದರೂ ಸಾಕು, ಚರ್ಮದ ಕೆಳಗೆ ರಕ್ತ ಹರಡುತ್ತದೆ. ಮುಖ ದುಂಡಗಾಗಿದೆ. ಊರವರು ಮೈ ತುಂಬಿಕೊಂಡಿದ್ದೀರಿ ಅಂತ ಸಂತೋಷಪಡುತ್ತಾರಂತೆ. ಅದು ಆರೋಗ್ಯ ಅಲ್ಲ, ಗುಳಿಗೆಯ ಪರಿಣಾಮ.

ಅವರೊಬ್ಬರೇ ಅಲ್ಲ. ಘಟ್ಟದ ಮೇಲೆ ಸಿದ್ದಾಪುರ, ಶಿರಸಿ ಕಡೆಯ ತೋಟಿಗರಲ್ಲೂ ಇದೇ ಕತೆ ಇದೆ ಅಂತ ಅಲ್ಲಿನ ನಮ್ಮ ವೃತ್ತಿಯವರು ಹೇಳುತ್ತಾರೆ. ಚಾಲಿ ಅಡಿಕೆ ಸುಲಿಯುವ ಹೊತ್ತಿಗೆ ಧೂಳು. ಮಳೆಗಾಲದಲ್ಲಿ ಗೋಡೆಗೆ, ಕಂಬಳಿಗೆ, ಒಣಗದ ಬಟ್ಟೆಗೆಲ್ಲ ಬೂಷ್ಟು. ಬಚ್ಚಲ ಒಲೆಯ ಹೊಗೆ ಬೇರೆ.

ಅಸ್ತಮಾ ಅಂದರೆ ಉಸಿರಿನ ಕೊಳವೆ ಬಿಗಿಯುವ ಕಾಯಿಲೆ ಅಂತಲೇ ನಾವೆಲ್ಲ ಕಲಿತದ್ದು. ಬಿಗಿಯುವುದು ಹೌದು. ಆದರೆ ಅದು ಕೊನೆಗೆ ಆಗುವ ಸಂಗತಿ. ಅದಕ್ಕೂ ಮೊದಲು ಕೊಳವೆಯ ಒಳಪದರ ಊದಿಕೊಂಡು ಕೆಂಪಾಗಿರುತ್ತದೆ. ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಅದನ್ನು ಊದಿಸಿರುತ್ತದೆ. ನೀಲಿ ಪಂಪಿನ ಸಾಲ್ಬುಟಮಾಲ್ ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ, ಅಷ್ಟೇ. ಒಲೆ ಆರಿಸದೆ ಹೊಗೆ ಹೋಗಲಿ ಅಂತ ಕಿಟಕಿ ತೆಗೆದ ಹಾಗೆ. ಅದಕ್ಕೇ ಬರೀ ನೀಲಿ ಪಂಪಿನ ಮೇಲೆ ಯಾರನ್ನೂ ಇಡಬೇಡಿ, ಉರಿಯೂತ ಇಳಿಸುವ ಔಷಧಿ ಜೊತೆಗೆ ಇರಲೇಬೇಕು ಅಂತ, ಅಸ್ತಮಾ ಚಿಕಿತ್ಸೆಗೆ ಜಗತ್ತಿಗೆಲ್ಲ ಮಾರ್ಗಸೂಚಿ ಕೊಡುವ ಜೀನಾ ಸಂಸ್ಥೆ 2019ರಲ್ಲೇ ಹೇಳಿತು.

ಒಳಗೆ ನಡೆಯುವುದು ಹೀಗೆ. ಧೂಳುಹುಳ, ಬೂಷ್ಟಿನ ಕಣ, ಹೊಗೆ, ಶೀತದ ವೈರಸ್, ಏನೇ ತಾಗಿದರೂ ಕೊಳವೆಯ ಒಳಪದರದ ಕೋಶಗಳು ಅಪಾಯದ ಸಂಕೇತ ಕಳಿಸುತ್ತವೆ. ಟಿಎಸ್‌ಎಲ್‌ಪಿ ಅನ್ನುವುದು ಆ ಸಂಕೇತಗಳಲ್ಲಿ ಒಂದು. ಅದಕ್ಕೆ ಓಗೊಟ್ಟ ಬಿಳಿ ರಕ್ತಕಣಗಳು ಐಎಲ್-4, ಐಎಲ್-5, ಐಎಲ್-13 ಎಂಬ ರಾಸಾಯನಿಕಗಳನ್ನು ಸುರಿಯುತ್ತವೆ. ಐಎಲ್-4 ದೇಹವನ್ನು ಐಜಿಇ ಪ್ರತಿಕಾಯ ತಯಾರಿಸುವ ದಾರಿಗೆ ಹಚ್ಚುತ್ತದೆ. ಅಲರ್ಜಿಯ ಬೇರು ಅದು. ಐಎಲ್-13 ಅಂಟಂಟಾದ ಕಫ ಜಾಸ್ತಿ ಮಾಡುತ್ತದೆ. ಐಎಲ್-5 ಮೂಳೆಮಜ್ಜೆಗೆ ಕರೆ ಕೊಟ್ಟು ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳನ್ನು ಹೆಚ್ಚಿಸುತ್ತದೆ. ಈ ಕಣಗಳು ಹುಟ್ಟಿದ್ದು ಹುಳುಗಳ ಮೇಲೆ ಹೋರಾಡುವುದಕ್ಕೆ. ಶ್ವಾಸನಾಳಕ್ಕೆ ನುಗ್ಗಿದಾಗ ಅದೇ ವಿಷವನ್ನು ನಮ್ಮದೇ ಒಳಪದರದ ಮೇಲೆ ಚೆಲ್ಲುತ್ತವೆ. ಪದರ ಕಿತ್ತುಬರುತ್ತದೆ. ಕಫ ಗಟ್ಟಿಯಾಗಿ ಸಣ್ಣ ಕೊಳವೆಗಳಿಗೆ ಬಿರಡೆ ಹಾಕಿದಂತೆ ಕೂರುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಕೊಳವೆಯ ಗೋಡೆ ದಪ್ಪಗಾಗುತ್ತದೆ, ಆಮೇಲೆ ಯಾವ ಪಂಪ್ ಹಾಕಿದರೂ ಪೂರ್ತಿ ತೆರೆಯುವುದಿಲ್ಲ.

ಎಲ್ಲರಲ್ಲೂ ಹೀಗೇ ಅಂತಲ್ಲ. ಕೆಲವರಲ್ಲಿ ಇಯೊಸಿನೊಫಿಲ್ ಪಾತ್ರ ಕಡಿಮೆ, ಉರಿಯೂತದ ದಾರಿಯೇ ಬೇರೆ. ಬೀಡಿ ಸಿಗರೇಟು ಸೇದುವವರಲ್ಲಿ, ತೂಕ ತುಂಬಾ ಇರುವವರಲ್ಲಿ ಇದು ಜಾಸ್ತಿ ಕಾಣುತ್ತದೆ. ಇಂಥವರಿಗೆ ಸ್ಟೀರಾಯ್ಡಿನಿಂದ ಆಗುವ ಲಾಭ ಕಮ್ಮಿ. ಹೊರಗಿನಿಂದ ನೋಡಿದರೆ ಇಬ್ಬರಿಗೂ ಅದೇ ಉಬ್ಬಸ, ಅದೇ ಕೆಮ್ಮು, ಅದೇ ನಿದ್ದೆಯಿಲ್ಲದ ರಾತ್ರಿ. ಕಿವಿಗೆ ಸ್ಟೆತಸ್ಕೋಪ್ ಹಾಕಿ ಯಾವುದು ಯಾವುದು ಅಂತ ಹೇಳೋಕೆ ಆಗಲ್ಲ. ಎಣಿಸಲೇಬೇಕು.

ಎಣಿಸುವುದರಿಂದ ಎಷ್ಟು ವ್ಯತ್ಯಾಸ ಆಗುತ್ತದೆ ಅನ್ನುವುದಕ್ಕೆ ಮೆಪೊಲಿಜುಮಾಬ್ ಇಂಜೆಕ್ಷನ್ನಿನ ಚರಿತ್ರೆಗಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ. ಐಎಲ್-5 ಅನ್ನು ತಡೆಯುವ ಔಷಧಿ ಇದು. 2007ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಇಯೊಸಿನೊಫಿಲ್ ಎಷ್ಟಿದೆ ಅಂತ ನೋಡಿ ಆರಿಸದೆ ಅಸ್ತಮಾ ರೋಗಿಗಳಿಗೆ ಕೊಟ್ಟರು. ರಕ್ತದಲ್ಲಿ ಇಯೊಸಿನೊಫಿಲ್ ಇಳಿಯಿತು, ರೋಗಿಗಳ ಪರಿಸ್ಥಿತಿ ಹೇಳಿಕೊಳ್ಳುವಷ್ಟು ಸುಧಾರಿಸಲಿಲ್ಲ. ಔಷಧಿಯನ್ನು ಮೂಲೆಗೆ ಹಾಕುವ ಮಾತೂ ಬಂತು. 2009ರಲ್ಲಿ ಇಂಗ್ಲೆಂಡಿನ ಲೆಸ್ಟರ್ ಮತ್ತು ಕೆನಡಾದ ಹ್ಯಾಮಿಲ್ಟನ್ ತಂಡಗಳು ಬೇರೆ ರೀತಿ ಯೋಚಿಸಿದವು. ಸ್ಟೀರಾಯ್ಡ್ ತೆಗೆದುಕೊಂಡರೂ ಇಯೊಸಿನೊಫಿಲ್ ಇಳಿಯದವರನ್ನು ಮಾತ್ರ ಆರಿಸಿ ಕೊಟ್ಟವು. ಲೆಸ್ಟರಿನಲ್ಲಿ ಔಷಧಿಯಿಲ್ಲದ ಇಂಜೆಕ್ಷನ್ ಪಡೆದವರಿಗೆ ವರ್ಷದಲ್ಲಿ ಸರಾಸರಿ 3.4 ಸಲ ಜೋರು ದಾಳಿ ಬಂತು, ಔಷಧಿ ಪಡೆದವರಿಗೆ 2 ಸಲ. ಹ್ಯಾಮಿಲ್ಟನ್ನಿನಲ್ಲಿ ಗುಳಿಗೆಯ ಪ್ರಮಾಣವನ್ನೇ ಇಳಿಸಲು ಸಾಧ್ಯವಾಯಿತು. ಔಷಧಿ ಅದೇ. ಬದಲಾದದ್ದು ಯಾರಿಗೆ ಕೊಡುವುದು ಅನ್ನುವ ಪ್ರಶ್ನೆ ಮಾತ್ರ. 2015ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು.

ಇನ್ನೂ ಹಿಂದೆ, 2002ರಲ್ಲಿ, ಅದೇ ಲೆಸ್ಟರಿನವರು ಹೊಸ ಔಷಧಿಯೇ ಇಲ್ಲದೆ ಒಂದು ಪ್ರಯೋಗ ಮಾಡಿದ್ದರು. 74 ರೋಗಿಗಳು. ಅರ್ಧ ಜನರಿಗೆ ಮಾಮೂಲಿ ಚಿಕಿತ್ಸೆ. ಉಳಿದರ್ಧ ಜನರ ಕಫವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಇಯೊಸಿನೊಫಿಲ್ ಎಣಿಸಿ, ಆ ಲೆಕ್ಕದ ಪ್ರಕಾರ ಸ್ಟೀರಾಯ್ಡ್ ಏರಿಸುವುದು ಇಳಿಸುವುದು. ಒಂದು ವರ್ಷದಲ್ಲಿ ಮೊದಲ ಗುಂಪಿನಲ್ಲಿ 109 ಜೋರು ದಾಳಿಗಳಾದವು, ಎರಡನೇ ಗುಂಪಿನಲ್ಲಿ 35. ಈ ಅಂಕಿ ಓದಿದಾಗ ನನಗೆ ನಮ್ಮ ಕ್ಷಯ ರೋಗದ ಲ್ಯಾಬುಗಳು ನೆನಪಾದವು. ದೀರ್ಘ ಕೆಮ್ಮಿನವರ ಕಫ ಅಲ್ಲಿಗೆ ಹೋಗೇ ಹೋಗುತ್ತದೆ. ಟಿಬಿ ಇಲ್ಲ ಅಂತ ಬರೆದು ಕಳಿಸುತ್ತಾರೆ. ಸರಿ, ಟಿಬಿ ಇಲ್ಲ. ಹಾಗಾದರೆ ಏನಿದೆ? ಕಫದ ಇಯೊಸಿನೊಫಿಲ್ ಎಣಿಕೆಗೆ ಬೇರೆ ತಯಾರಿ ಬೇಕು, ಬೇರೆ ತರಬೇತಿ ಬೇಕು, ಗೊತ್ತು. ಆದರೆ ಸೂಕ್ಷ್ಮದರ್ಶಕ ಇದೆ, ಅದರ ಮುಂದೆ ಕೂರುವ ಟೆಕ್ನಿಷಿಯನ್ ಇದ್ದಾರೆ.

ಆ ಕಫದ ಎಣಿಕೆಯನ್ನು ಕಾರವಾರದ ಮೆಡಿಕಲ್ ಕಾಲೇಜಿಗೆ ಬಿಡೋಣ. ತಾಲೂಕು ಮಟ್ಟಕ್ಕೆ ರಕ್ತದ ಲೆಕ್ಕವೇ ಸಾಕು. ಸಿಬಿಸಿ, ಅಂದರೆ ರಕ್ತಕಣಗಳನ್ನು ಎಣಿಸುವ ಮಾಮೂಲಿ ಪರೀಕ್ಷೆಯ ರಿಪೋರ್ಟಿನಲ್ಲಿ ಇಯೊಸಿನೊಫಿಲ್ ಶೇಕಡಾ ಎಷ್ಟು ಅಂತ ಒಂದು ಸಾಲು ಇರುತ್ತದೆ. ಒಟ್ಟು ಬಿಳಿ ಕಣ 9,000, ಇಯೊಸಿನೊಫಿಲ್ 5 ಶೇಕಡಾ ಅಂತ ಇಟ್ಟುಕೊಳ್ಳಿ. ಪಕ್ಕದಲ್ಲಿ 1ರಿಂದ 6 ನಾರ್ಮಲ್ ಅಂತ ಅಚ್ಚಾಗಿರುತ್ತದೆ. ನೋಡಿದವರು ನಾರ್ಮಲ್ ಅಂದುಕೊಂಡು ಹಾಳೆ ಮಡಚುತ್ತಾರೆ. ಗುಣಿಸಿ ನೋಡಿದರೆ 450 ಕಣಗಳು. ಜೋರು ಅಸ್ತಮಾದವರಲ್ಲಿ ಮೈಕ್ರೋಲೀಟರಿಗೆ 150 ಇದ್ದರೇ ಈ ಬಗೆಯ ಉರಿಯೂತವನ್ನು ಅನುಮಾನಿಸಿ ಅಂತ ಜೀನಾ ಹೇಳುತ್ತದೆ. 300 ದಾಟಿದರೆ ಅನುಮಾನ ಇನ್ನೂ ಬಲವಾಗುತ್ತದೆ. ರೋಗಿಯ ಕೈಯಲ್ಲೇ ಉತ್ತರ ಇತ್ತು, ಆದರೆ ಶೇಕಡಾವಾರು ಅದನ್ನು ಮುಚ್ಚಿಟ್ಟಿತ್ತು. ನಮ್ಮ ಸರ್ಕಾರಿ ಲ್ಯಾಬುಗಳ ರಿಪೋರ್ಟಿನಲ್ಲಿ ಈ ಗುಣಾಕಾರ ಮಾಡಿದ ಸಂಖ್ಯೆಯನ್ನೇ ಅಚ್ಚು ಹಾಕಿಸಿ. ಒಂದು ಸಾಲು ಸೇರಿಸುವ ಕೆಲಸ, ಅಲ್ವಾ?

ಇಲ್ಲಿ ಒಂದು ತೊಡಕಿದೆ. ಸ್ಟೀರಾಯ್ಡ್ ಗುಳಿಗೆ ತೆಗೆದುಕೊಂಡ ಕೂಡಲೇ ರಕ್ತದ ಇಯೊಸಿನೊಫಿಲ್ ಸರ್ರನೆ ಇಳಿದುಬಿಡುತ್ತದೆ. ಆಮೇಲೆ ಪರೀಕ್ಷೆ ಮಾಡಿದರೆ ಏನೂ ಇಲ್ಲ ಅನ್ನಿಸುತ್ತದೆ. ಹಾಗಾಗಿ ರಕ್ತ ತೆಗೆಯುವುದು ಮೊದಲ ಡೋಸಿಗಿಂತ ಮೊದಲೇ ಆಗಬೇಕು. ಇದರಿಂದ ಚಿಕಿತ್ಸೆ ತಡವಾಗಬೇಕಾಗಿಲ್ಲ. ಮಾಸ್ಕ್ ಹಾಕಿ ಗ್ಯಾಸ್ ಕೊಡುತ್ತಿರುವಾಗಲೇ ಒಂದು ಟ್ಯೂಬು ರಕ್ತ ತೆಗೆದಿಡಬಹುದು. ಜೋರು ದಾಳಿಯಲ್ಲಿ ಸ್ಟೀರಾಯ್ಡ್ ಜೀವ ಉಳಿಸುವ ಔಷಧಿ, ಅದನ್ನು ಕೊಡಲೇಬೇಕು. ತುಂಬಾ ದಿನದಿಂದ ನುಂಗುತ್ತಿರುವವರು ಈ ಪತ್ರ ಓದಿ ದಯವಿಟ್ಟು ತಾವಾಗಿಯೇ ನಿಲ್ಲಿಸಬೇಡಿ. ಹಠಾತ್ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ನನ್ನ ತಕರಾರು ಗುಳಿಗೆಯ ಮೇಲಲ್ಲ, ಕಾರಣ ಹುಡುಕದೆ ಅದನ್ನೇ ಮತ್ತೆ ಮತ್ತೆ ಬರೆಯುವುದರ ಮೇಲೆ. ದಿನಕ್ಕೆ 40 ಮಿಲಿಗ್ರಾಂನಂತೆ 5 ದಿನ ಅಂದರೆ 200 ಮಿಲಿಗ್ರಾಂ. ಅಂಥ ಐದು ಕೋರ್ಸಿಗೆ 1 ಗ್ರಾಂ. ಜೀವಮಾನದ ಒಟ್ಟು ಮೊತ್ತ ಅಷ್ಟು ತಲುಪುವ ಹೊತ್ತಿಗೇ ಸಕ್ಕರೆ ಕಾಯಿಲೆ, ಮೂಳೆ ಸವೆತ, ಕಣ್ಣಿನ ಪೊರೆ ಇವುಗಳ ಅಪಾಯ ಏರತೊಡಗುತ್ತದೆ ಅನ್ನುವುದು ಈಗ ತಿಳಿದ ಸಂಗತಿ. ಒಂದೇ ಮಳೆಗಾಲದಲ್ಲಿ ಅದರ ಅರ್ಧಕ್ಕಿಂತ ಜಾಸ್ತಿ ನುಂಗುವವರನ್ನು ನಾನು ನೋಡುತ್ತಿದ್ದೇನೆ.

ನಮ್ಮ ಕರಾವಳಿ ಮತ್ತು ಮಲೆನಾಡಿಗೆ ಇನ್ನೂ ಒಂದು ವಿಷಯ ಮುಖ್ಯ. ಇದನ್ನು ಬೆಂಗಳೂರಿನಲ್ಲಿ ಕೂತು ನಿಯಮ ಬರೆಯುವವರು ಗಮನಿಸಬೇಕು. ಇಲ್ಲಿ ಇಯೊಸಿನೊಫಿಲ್ ಏರಿದೆ ಅಂದರೆ ಅದು ಅಸ್ತಮಾದಿಂದಲೇ ಆಗಬೇಕೆಂದಿಲ್ಲ. ಬರಿಗಾಲಲ್ಲಿ ಹಸಿ ತೋಟದಲ್ಲಿ ದುಡಿಯುವವರ ಪಾದದ ಚರ್ಮದ ಮೂಲಕ ಸ್ಟ್ರಾಂಗಿಲಾಯ್ಡಿಸ್ ಎಂಬ ಹುಳು ಒಳಹೊಕ್ಕು, ವರ್ಷಗಟ್ಟಲೆ ಸದ್ದಿಲ್ಲದೆ ಕರುಳಲ್ಲಿ ಇರಬಲ್ಲದು. ಅಂಥವರಿಗೆ ಸ್ಟೀರಾಯ್ಡ್ ಕೊಟ್ಟರೆ ಹುಳು ಮೈಯೆಲ್ಲ ಹರಡಿ ಜೀವ ತೆಗೆಯಬಹುದು. ಆನೆಕಾಲು ರೋಗದ ಹುಳುವಿನಿಂದಲೂ ರಾತ್ರಿ ಕೆಮ್ಮು, ಉಬ್ಬಸ ಬರುತ್ತದೆ. ಅದರಲ್ಲಿ ಇಯೊಸಿನೊಫಿಲ್ 3,000 ದಾಟಿರುತ್ತದೆ. ಅದಕ್ಕೆ ಹುಳು ಕೊಲ್ಲುವ ಡಿಇಸಿ ಗುಳಿಗೆ ಬೇಕು, ಪಂಪ್ ಅಲ್ಲ. ಇನ್ನು ಬೂಷ್ಟು. ಆಸ್ಪರ್ಜಿಲಸ್ ಎಂಬ ಶಿಲೀಂಧ್ರಕ್ಕೆ ಕೆಲವು ಅಸ್ತಮಾ ರೋಗಿಗಳ ದೇಹ ವಿಪರೀತವಾಗಿ ತಿರುಗಿಬೀಳುತ್ತದೆ. ಐಜಿಇ ಆಕಾಶಕ್ಕೇರುತ್ತದೆ, ಶ್ವಾಸಕೋಶದ ಕೊಳವೆಗಳು ಅಗಲವಾಗಿ ಹಾಳಾಗುತ್ತವೆ. ಎಕ್ಸ್‌ರೇಯಲ್ಲಿ ಬಿಳಿ ಮಚ್ಚೆ ಕಂಡು ಟಿಬಿ ಅಂತ ತಿಂಗಳುಗಟ್ಟಲೆ ಔಷಧಿ ತಿಂದವರು ನಮ್ಮ ದೇಶದಲ್ಲಿ ಸಾಕಷ್ಟು ಜನ. ಅದಕ್ಕೂ ಚಿಕಿತ್ಸೆ ಇದೆ, ಆದರೆ ಗೊತ್ತಾಗಬೇಕಲ್ಲ. ಒಂದು ರಕ್ತದ ಲೆಕ್ಕದಿಂದ ಶುರುಮಾಡಿದರೆ ಈ ಮೂರೂ ಹೊರಬೀಳುವ ದಾರಿ ತೆರೆಯುತ್ತದೆ.

ಜೋರು ಅಸ್ತಮಾ ಅನ್ನಿಸಿಕೊಂಡವರೆಲ್ಲ ನಿಜಕ್ಕೂ ಜೋರು ಅಸ್ತಮಾದವರಲ್ಲ ಅನ್ನುವುದನ್ನೂ ಹೇಳಬೇಕು. ಅರ್ಧ ಜನಕ್ಕೆ ಪಂಪ್ ಹಾಕಿಕೊಳ್ಳುವುದನ್ನು ಯಾರೂ ಸರಿಯಾಗಿ ಕಲಿಸಿರುವುದಿಲ್ಲ. ಬಾಯಿಗೆ ಇಟ್ಟು ಒತ್ತುತ್ತಾರೆ, ಆಮೇಲೆ ಉಸಿರು ಎಳೆಯುತ್ತಾರೆ. ಔಷಧಿ ನಾಲಿಗೆ ಮೇಲೇ ಉಳಿಯುತ್ತದೆ. ಡಬ್ಬಿ ಖಾಲಿಯಾಯಿತಾ ಅಂತ ನೋಡಲು ನೀರಿನ ಪಾತ್ರೆಯಲ್ಲಿ ತೇಲಿಸುವವರಿದ್ದಾರೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ಪಂಪ್ ಅಭ್ಯಾಸ ಆಗಿಬಿಡ್ತದೆ ಅಂತ ಹೆದರಿ, ಹಬ್ಬ ಮದುವೆಗೆ ಮಾತ್ರ ಹಾಕುವವರೂ ಇದ್ದಾರೆ. ಇದನ್ನೆಲ್ಲ ಸರಿಮಾಡಿದ ಮೇಲೂ ಹಿಡಿತಕ್ಕೆ ಬಾರದವರು ನೂರು ಅಸ್ತಮಾ ರೋಗಿಗಳಲ್ಲಿ ಮೂರ್ನಾಲ್ಕು ಜನ. ಅವರೇ ನಿಜವಾದ ಜೋರು ಅಸ್ತಮಾದವರು. ಸಂಖ್ಯೆ ಸಣ್ಣದು. ಹಾಗಾಗಿ ಖರ್ಚು ಕೈಮೀರುತ್ತದೆ ಅನ್ನುವ ಭಯ ಬೇಡ. ಜಗತ್ತಿನ ಅಸ್ತಮಾ ರೋಗಿಗಳಲ್ಲಿ ಸುಮಾರು 13 ಶೇಕಡಾ ಭಾರತದಲ್ಲಿದ್ದಾರೆ, ಅಸ್ತಮಾದ ಸಾವುಗಳಲ್ಲಿ ಸುಮಾರು 42 ಶೇಕಡಾ ನಮ್ಮದು ಅನ್ನುವ ಲೆಕ್ಕ 2019ರ ಜಾಗತಿಕ ಅಧ್ಯಯನದ್ದು. ರೋಗಿಗಳ ಪಾಲಿಗೂ ಸಾವಿನ ಪಾಲಿಗೂ ಇಷ್ಟು ಅಂತರ ಯಾಕಿರಬೇಕು?

ಇನ್ನು ನಮ್ಮ ದಾರಿಗಳ ವಿಷಯ. ತಜ್ಞರನ್ನು ನೋಡಲು ಇಲ್ಲಿಯವರು ಮಣಿಪಾಲಕ್ಕೋ, ಮಂಗಳೂರಿಗೋ, ಹುಬ್ಬಳ್ಳಿಗೋ, ಗೋವಾದ ಬಾಂಬೋಳಿಗೋ ಹೋಗುತ್ತಾರೆ. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ 2022ರಲ್ಲಿ ಜನ ಎತ್ತಿದ ದನಿ ನಿಮಗೆ ತಲುಪಿದೆ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದಾಗ ಆಚೆಯವರು ಆಚೆ, ಈಚೆಯವರು ಈಚೆ. ಬೂಷ್ಟು, ಶೀತ, ದಮ್ಮು ಏರುವುದೂ ಅದೇ ತಿಂಗಳಲ್ಲಿ. ದೊಡ್ಡ ಆಸ್ಪತ್ರೆ ಬರುವಾಗ ಬರಲಿ. ಅಲ್ಲಿಯವರೆಗೆ ಕಾಯಬೇಕಾಗಿಲ್ಲದ ಕೆಲಸಗಳನ್ನಷ್ಟೇ ಕೇಳುತ್ತಿದ್ದೇನೆ.

ಉರಿಯೂತ ಇಳಿಸುವ ಬುಡೆಸೊನೈಡ್ ಮತ್ತು ಕೊಳವೆ ಸಡಿಲಿಸುವ ಫಾರ್ಮೊಟೆರಾಲ್ ಜೊತೆಗಿರುವ ಪಂಪ್ ನಮ್ಮ ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲೇ ಇದೆ. ಅದು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ವರ್ಷವಿಡೀ ಇರಬೇಕು, ಮಕ್ಕಳಿಗೆ ಮತ್ತು ವಯಸ್ಸಾದವರಿಗೆ ಸ್ಪೇಸರ್ (ಪಂಪಿಗೆ ಸಿಕ್ಕಿಸುವ ಕೊಳವೆ ಡಬ್ಬಿ) ಸಮೇತ. ಪಂಪ್ ಕೊಡುವವರು ಎದುರಿಗೇ ಒಮ್ಮೆ ಹಾಕಿಸಿ ನೋಡಬೇಕು. ವರ್ಷದಲ್ಲಿ ಎರಡು ಸಲ ಸ್ಟೀರಾಯ್ಡ್ ಗುಳಿಗೆ ಬೇಕಾದವರ, ಅಥವಾ ಒಮ್ಮೆ ಆಸ್ಪತ್ರೆಗೆ ಸೇರಿದವರ ಹೆಸರು ತಾಲೂಕು ಆಸ್ಪತ್ರೆಯ ಒಂದು ಪುಸ್ತಕದಲ್ಲಿ ಬರಲಿ. ಅವರಿಗೆ ಇಯೊಸಿನೊಫಿಲ್ ಲೆಕ್ಕ, ಐಜಿಇ, ಹುಳುವಿನ ಪರೀಕ್ಷೆ ಉಚಿತವಾಗಿ ಆಗಲಿ. ಕಾರವಾರದ ಮೆಡಿಕಲ್ ಕಾಲೇಜಿನಲ್ಲಿ ವಾರಕ್ಕೊಂದು ದಿನ ಇಂಥವರಿಗೇ ಅಂತ ಕ್ಲಿನಿಕ್ ಇಡಿ, ತಿಂಗಳಿಗೊಮ್ಮೆ ಅದೇ ತಂಡ ಶಿರಸಿಗೆ ಬರಲಿ. ಘಟ್ಟದ ಮೇಲಿನವರು ಕಾರವಾರಕ್ಕೆ ಇಳಿಯುವುದು ಎಷ್ಟು ಕಷ್ಟ ಅಂತ ಈ ಜಿಲ್ಲೆಯಲ್ಲಿ ಒಂದು ಸಲ ಓಡಾಡಿದವರಿಗೂ ಗೊತ್ತು. ಊದಿದ ಉಸಿರಿನಲ್ಲಿ ನೈಟ್ರಿಕ್ ಆಕ್ಸೈಡ್ ಅಳೆಯುವ ಸಣ್ಣ ಯಂತ್ರವೊಂದು ಆ ತಂಡದ ಬಳಿ ಇದ್ದರೆ ಉರಿಯೂತ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಕೊನೆಗೆ ಉಳಿಯುವುದು ನೂರರಲ್ಲಿ ಆ ಮೂರ್ನಾಲ್ಕು ಜನ. ಐಜಿಇ ತಡೆಯುವ ಒಮಾಲಿಜುಮಾಬ್, ಐಎಲ್-5ರ ದಾರಿ ತಡೆಯುವ ಮೆಪೊಲಿಜುಮಾಬ್, ಬೆನ್ರಲಿಜುಮಾಬ್ ಇಂಜೆಕ್ಷನ್‌ಗಳು ಭಾರತದಲ್ಲಿ ಸಿಗುತ್ತವೆ. ತಿಂಗಳಿಗೆ ಹತ್ತಾರು ಸಾವಿರ ರೂಪಾಯಿ. ಮೀನು ಮಾರುವವರಿಗೆ, ಎರಡೆಕರೆ ತೋಟದವರಿಗೆ ಅದು ಆಗುವ ಮಾತಲ್ಲ. ಯಾರಿಗೆ ಕೊಡಬೇಕು, ಯಾವ ಲೆಕ್ಕ ಇದ್ದರೆ ಕೊಡಬೇಕು, ಆರು ತಿಂಗಳಲ್ಲಿ ಫಲ ಕಾಣದಿದ್ದರೆ ನಿಲ್ಲಿಸುವುದು ಹೇಗೆ, ಇದನ್ನೆಲ್ಲ ಬರೆದಿಟ್ಟು ಸರ್ಕಾರದ ಯೋಜನೆಯಡಿ ಕೊಡಿಸಿ. ಎಣಿಸದೆ ಕೊಟ್ಟರೆ ಹಣ ಪೋಲಾಗುತ್ತದೆ. 2007ರ ಪ್ರಯೋಗವೇ ಅದನ್ನು ತೋರಿಸಿದೆ.

ನಮ್ಮ ಕಡೆಯಿಂದ ಆಗುವ ಕೆಲಸವನ್ನೂ ಹೇಳುತ್ತೇನೆ. 200 ಡೋಸಿನ ನೀಲಿ ಪಂಪ್ ವರ್ಷಕ್ಕೆ ಮೂರು ಅಥವಾ ಜಾಸ್ತಿ ಬೇಕಾದವರಿಗೆ ಜೋರು ದಾಳಿಯ ಅಪಾಯ ಹೆಚ್ಚು, ಹನ್ನೆರಡು ತಲುಪಿದರೆ ಸಾವಿನ ಅಪಾಯವೂ ಹೆಚ್ಚು. ಅಂಥವರು ಯಾರು ಅಂತ ಮೊದಲು ಗೊತ್ತಾಗುವುದು ಮೆಡಿಕಲ್ ಶಾಪಿನವರಿಗೆ. ಮೂರನೇ ಪಂಪ್ ಕೇಳಿದಾಗ ನಾವು ಒಂದು ಚೀಟಿ ಬರೆದು ಕಳಿಸಬಲ್ಲೆವು. ಈ ಮಾತಿಗೆ ಕುಮಟಾ, ಹೊನ್ನಾವರದ ಕೆಲವು ಅಂಗಡಿಯವರು ನನ್ನ ಜೊತೆ ಒಪ್ಪಿದ್ದಾರೆ. ಆ ಚೀಟಿ ಹಿಡಿದು ಹೋದವರು ತಾಲೂಕು ಆಸ್ಪತ್ರೆಯಲ್ಲಿ ಯಾವ ದಿನ, ಯಾವ ಕೋಣೆಗೆ, ಯಾರನ್ನು ಕಾಣಬೇಕು ಅನ್ನುವುದನ್ನು ಮಳೆಗಾಲಕ್ಕೆ ಮೊದಲು ನಮಗೆ ತಿಳಿಸಿ.

ಇತಿ ತಮ್ಮ ವಿಶ್ವಾಸಿ,
ಕುಮಟಾದ ಒಬ್ಬ ಫಾರ್ಮಸಿಸ್ಟ್